ಅಕ್ಕಿಯಿಂದ ಭತ್ತ ಆಗುವುದಿಲ್ಲ: ಹಳೆ ಫೋಟೋ ಸ್ಕ್ಯಾನ್ ಮಾಡಿಡುವವರಿಗೆ

(ಮನೆಯ ಹಳೆ ಫೋಟೋಗಳನ್ನು ಸ್ಕ್ಯಾನ್ ಮಾಡಿ ಇಡಬೇಕು ಎಂದುಕೊಂಡ ಒಂದಷ್ಟು ಜನರ ಎದುರು, ಶಿವಮೊಗ್ಗದಲ್ಲಿ ಫೆಬ್ರವರಿಯ ಒಂದು ಭಾನುವಾರ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಈ ಫೋಟೋ ನೋಡಿಬಿಡಿ. ಒಬ್ಬರಿಂದ ಒಬ್ಬರಿಗೆ ದಾಟಿಸಿ. ಅಂಚು ಹಿಡಿದುಕೊಳ್ಳಿ, ಚಿತ್ರದ ಮೇಲೆ ಬೆರಳು ಇಡಬೇಡಿ. ಸಾಗರದ ಹತ್ತಿರ ನಮ್ಮ ದೊಡ್ಡಮ್ಮನ ಮನೆಯಲ್ಲಿ 1979ರಲ್ಲಿ ನಡೆದ ಮದುವೆಯದು. ಅಡಿಕೆ ದಬ್ಬೆಯ ಚಪ್ಪರ, ಬಾಳೆಕಂಬ, ಹಿಂದೆ ಸುಣ್ಣ ಬಳಿದ ಗೋಡೆ. ಮುಂದೆ ನಿಂತವಳು ಮದುಮಗಳು, ನಮ್ಮ ಅಕ್ಕ. ಈಗ ಎಲ್ಲವೂ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಬಾಳೆ ಎಲೆ ಕೂಡ ಕೆಂಪು, ಗೋಡೆ ಕೂಡ ಕೆಂಪು.

ಇದನ್ನು ದೊಡ್ಡಮ್ಮನ ಕೈಗೆ ಕೊಟ್ಟಾಗ ಅವರು ಬಹಳ ಹೊತ್ತು ನೋಡಿದರು. ಆಮೇಲೆ, "ಅಪ್ಪಿ, ಅವಳ ಧಾರೆ ಸೀರೆ ಹಸಿರಲ್ವನೋ? ಗಿಣಿ ಹಸಿರು. ಇದೆಂಥದು, ಎಲ್ಲ ಕೆಂಪು?" ಎಂದರು. ನನ್ನ ಇವತ್ತಿನ ಮಾತೆಲ್ಲ ಆ ಪ್ರಶ್ನೆಯ ಸುತ್ತಲೇ ಇದೆ. ಆ ಹಸಿರನ್ನು ವಾಪಸು ತರಬಹುದಾ? ತರಬೇಕಾದರೆ ಸ್ಕ್ಯಾನ್ ಮಾಡುವ ದಿನ ನಾವು ಏನು ಮಾಡಿರಬೇಕು?

ಕಲರ್ ಪ್ರಿಂಟಿನಲ್ಲಿ ಮೂರು ಬಣ್ಣದ ಪದರ ಇರುತ್ತವೆ. ಒಂದು ಹಳದಿ, ಒಂದು ಕಡು ಗುಲಾಬಿ, ಒಂದು ಹಸಿರು ಮಿಶ್ರಿತ ನೀಲಿ. ಎಪ್ಪತ್ತರ ದಶಕದ ಕಾಗದದಲ್ಲಿ ಈ ನೀಲಿ ಪದರ ತೀರಾ ನಾಜೂಕು. ಆಲ್ಬಮ್ಮಿನೊಳಗೆ ಕತ್ತಲಲ್ಲಿ ಇಟ್ಟರೂ ಅದು ಮೊದಲು ಮಾಸುತ್ತದೆ. ಸೆಕೆ, ತೇವ ಇದ್ದರೆ ಇನ್ನೂ ಬೇಗ. ನಮ್ಮ ಊರುಗಳ ಮಳೆಗಾಲ ಎಂಥದು ಅಂತ ನಿಮಗೆ ಹೇಳಬೇಕಾಗಿಲ್ಲ. ನೀಲಿ ಹೋದರೆ ಉಳಿಯುವುದು ಹಳದಿ ಮತ್ತು ಗುಲಾಬಿ. ಎರಡೂ ಸೇರಿದರೆ ಕೆಂಪು. ಆದರೆ ಒಂದು ಸಮಾಧಾನ ಇದೆ. ನೀಲಿ ಪೂರ್ತಿ ಹೋಗಿರುವುದಿಲ್ಲ. ಕಣ್ಣಿಗೆ ಕಾಣದಷ್ಟು ತೆಳ್ಳಗೆ, ಇನ್ನೂ ಅಲ್ಲೇ ಇರುತ್ತದೆ.

ಇನ್ನು ನನ್ನ ತಪ್ಪು ಹೇಳುತ್ತೇನೆ. 2009ರಲ್ಲಿ ಮನೆಗೊಂದು ಪ್ರಿಂಟರ್ ತಂದೆ. ಮೇಲೆ ಸ್ಕ್ಯಾನರ್ ಇರುವಂಥದು. ಈ ಮದುವೆಯ ಆಲ್ಬಮ್ ಪೂರ್ತಿ, ನಲವತ್ತು ಚಿಲ್ಲರೆ ಫೋಟೋ, ಎರಡು ದಿನದಲ್ಲಿ ಸ್ಕ್ಯಾನ್ ಮಾಡಿ ಜೆಪೆಗ್ ಮಾಡಿ, ಅಂದರೆ ಫೋಟೋವನ್ನು ಹಿಂಡಿ ಚಿಕ್ಕದು ಮಾಡುವ ಫೈಲಿನಲ್ಲಿ, ಇಟ್ಟೆ. ಕೆಲಸ ಮುಗಿಯಿತು ಅಂದುಕೊಂಡೆ. ಆಲ್ಬಮ್ ಶಿವಮೊಗ್ಗದಲ್ಲಿದ್ದ ಚಿಕ್ಕಪ್ಪನ ಮನೆಗೆ ಹೋಯಿತು. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದು ನಿಮಗೆಲ್ಲ ಗೊತ್ತು. ಅವರ ಮನೆಯಲ್ಲಿ ಸೊಂಟದವರೆಗೆ ನೀರು. ನೀರಿಳಿದ ಮೇಲೆ ಆಲ್ಬಮ್ ತೆಗೆದರೆ ಹಾಳೆಗೆ ಹಾಳೆ ಅಂಟಿ ಒಂದೇ ಮುದ್ದೆಯಾಗಿತ್ತು. ಫೋಟೋದ ಮೇಲ್ಪದರ ಜೆಲಟಿನ್. ಅದು ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ.

ಈ ಒಂದು ಪ್ರಿಂಟು ಮಾತ್ರ ಉಳಿಯಿತು. ದೊಡ್ಡಮ್ಮ ಬಹಳ ಹಿಂದೆಯೇ ಆಲ್ಬಮ್ಮಿನಿಂದ ಬಿಡಿಸಿ ತಮ್ಮ ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು. ಹಾಗಾಗಿ ಒಂದೇ ಮದುವೆಯ ಫೋಟೋ ನನ್ನ ಹತ್ತಿರ ಈಗ ಎರಡು ರೀತಿಯಲ್ಲಿದೆ. ನಲವತ್ತು 2009ರ ಜೆಪೆಗ್ ರೂಪದಲ್ಲಿ. ಒಂದು ಮಾತ್ರ ಮೊನ್ನೆ ಹೊಸದಾಗಿ, ಸರಿಯಾಗಿ ಸ್ಕ್ಯಾನ್ ಮಾಡಿದ್ದು. ಎರಡನ್ನೂ ಪಕ್ಕ ಪಕ್ಕ ಪರದೆಯ ಮೇಲೆ ತೋರಿಸುತ್ತೇನೆ. ಅದಕ್ಕೆ ಮುಂಚೆ ಬಿಟ್ ಡೆಪ್ತ್ ಅಂದರೆ ಏನು ಅಂತ ನೋಡೋಣ.

ನಿಮ್ಮಲ್ಲಿ ಕೆಲವರು ಸೇರು, ಪಾವಿನಲ್ಲಿ ಅಳೆದದ್ದನ್ನು ನೋಡಿರುತ್ತೀರಿ. ಸೇರಿಗೆ ನಾಲ್ಕು ಪಾವು, ಹದಿನಾರು ಚಟಾಕು. ಒಂದು ಮನೆಯಲ್ಲಿ ಒಂದು ಸೇರು ಒಂದು ಪಾವು ಅಕ್ಕಿ ಇದೆ, ಇನ್ನೊಂದು ಮನೆಯಲ್ಲಿ ಒಂದು ಸೇರು ಮೂರು ಪಾವು. ನಿಮ್ಮ ಕೈಯಲ್ಲಿ ಸೇರಿನ ಅಳತೆ ಮಾತ್ರ ಇದ್ದರೆ ಪುಸ್ತಕದಲ್ಲಿ ಎರಡು ಕಡೆಗೂ "ಒಂದು ಸೇರು" ಅಂತಲೇ ಬರೆಯುತ್ತೀರಿ. ಆಮೇಲೆ ಆ ಪುಸ್ತಕ ಎಷ್ಟು ತಿರುವಿ ಹಾಕಿದರೂ ವ್ಯತ್ಯಾಸ ಸಿಗುವುದಿಲ್ಲ. ಚಟಾಕಿನಲ್ಲಿ ಅಳೆದಿದ್ದರೆ ಸಿಗುತ್ತಿತ್ತು.

ಸ್ಕ್ಯಾನರ್ ಮಾಡುವುದೂ ಅಳೆಯುವ ಕೆಲಸವೇ. ಫೋಟೋದ ಪ್ರತಿ ಚುಕ್ಕೆಯಿಂದ ಎಷ್ಟು ಬೆಳಕು ವಾಪಸು ಬಂತು ಅಂತ ಅಳೆದು ಒಂದು ಸಂಖ್ಯೆ ಬರೆಯುತ್ತದೆ. ಆ ಅಳತೆಗೆ ಎಷ್ಟು ಮೆಟ್ಟಿಲು ಅನ್ನುವುದನ್ನು ಹೇಳುವುದೇ ಬಿಟ್ ಡೆಪ್ತ್. 8 ಬಿಟ್ ಅಂದರೆ ಪೂರ್ತಿ ಕಪ್ಪಿನಿಂದ ಪೂರ್ತಿ ಬಿಳಿಯವರೆಗೆ 256 ಮೆಟ್ಟಿಲು. ಒಂದೊಂದು ಬಿಟ್ ಜಾಸ್ತಿ ಆದ ಹಾಗೆ ಮೆಟ್ಟಿಲು ದುಪ್ಪಟ್ಟು. 16 ಬಿಟ್‌ಗೆ 65,536 ಮೆಟ್ಟಿಲು. ಅಂದರೆ 8 ಬಿಟ್‌ನ ಪ್ರತಿ ಮೆಟ್ಟಿಲಿನ ಒಳಗೆ 256 ಚಿಕ್ಕ ಮೆಟ್ಟಿಲು.

ಇಲ್ಲಿ ಒಂದು ಗೊಂದಲ ಆಗುತ್ತದೆ. ಸ್ಕ್ಯಾನರ್ ಮೆನುವಿನಲ್ಲಿ "24 ಬಿಟ್ ಕಲರ್", "48 ಬಿಟ್ ಕಲರ್" ಅಂತ ಇರುತ್ತದೆ. 24 ಅಂದರೆ 16ಕ್ಕಿಂತ ಜಾಸ್ತಿ ಅಲ್ವಾ ಅಂತ ಬಹಳ ಜನ ಕೇಳುತ್ತಾರೆ. ಅಲ್ಲ. ಅದು ಕೆಂಪು, ಹಸಿರು, ನೀಲಿ ಮೂರನ್ನೂ ಕೂಡಿಸಿ ಹೇಳಿದ ಲೆಕ್ಕ. ಒಂದೊಂದು ಬಣ್ಣದ ಅಳತೆಗೆ ಒಂದು ಚಾನೆಲ್ ಅನ್ನುತ್ತಾರೆ. 24 ಬಿಟ್ ಅಂದರೆ ಬಣ್ಣಕ್ಕೆ ಎಂಟೆಂಟು. 48 ಬಿಟ್ ಅಂದರೆ ಬಣ್ಣಕ್ಕೆ ಹದಿನಾರು. ಕಪ್ಪು ಬಿಳುಪಿಗೆ ಒಂದೇ ಚಾನೆಲ್ ಆದ್ದರಿಂದ ಅಲ್ಲಿ "8 ಬಿಟ್ ಗ್ರೇ", "16 ಬಿಟ್ ಗ್ರೇ" ಅಂತ ಇರುತ್ತದೆ.

ನೋಡುವುದಕ್ಕೆ 8 ಬಿಟ್ ಸಾಕು. ಧಾರಾಳವಾಗಿ ಸಾಕು. ಮೂರು ಬಣ್ಣ ಸೇರಿ 1.67 ಕೋಟಿ ಬಣ್ಣ ಆಗುತ್ತದೆ. ಒಂದು ಒಳ್ಳೆ ಫೋಟೋವನ್ನು 8 ಬಿಟ್‌ನಲ್ಲಿ, 16 ಬಿಟ್‌ನಲ್ಲಿ ಪಕ್ಕದಲ್ಲಿಟ್ಟು ತೋರಿಸಿದರೆ ನನಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಾದರೆ 16 ಯಾಕೆ? ತಿದ್ದುವುದಕ್ಕೆ. ಫೋಟೋವನ್ನು ಮುಂದೆ ಎಳೆಯುವುದಿದ್ದರೆ, ಹಿಗ್ಗಿಸುವುದಿದ್ದರೆ, ಆಗ ಬೇಕು.

ಈಗ ಪರದೆ ನೋಡಿ. ಎಡಗಡೆ 2009ರ ಜೆಪೆಗ್, 8 ಬಿಟ್‌ನದು. ಬಲಗಡೆ ಮೊನ್ನೆಯ ಸ್ಕ್ಯಾನ್, 16 ಬಿಟ್‌ನದು. ಕೆಳಗೆ ಗುಡ್ಡದ ಹಾಗೆ ಕಾಣುತ್ತಿದೆಯಲ್ಲ, ಅದು ಹಿಸ್ಟೋಗ್ರಾಮ್. ಯಾವ ಮೆಟ್ಟಿಲಿನಲ್ಲಿ ಎಷ್ಟು ಚುಕ್ಕೆ ಇವೆ ಅಂತ ತೋರಿಸುತ್ತದೆ. ಕೆಂಪು ಚಾನೆಲ್ಲಿನ ಗುಡ್ಡ ಎಲ್ಲಿದೆ ನೋಡಿ. ಬಲತುದಿಯಲ್ಲಿ ಮುದ್ದೆಯಾಗಿ ಕೂತಿದೆ. ಸುಮಾರು 180ರಿಂದ 240ರವರೆಗೆ ಅಷ್ಟೇ. ಯಾಕೆ ಅಂದರೆ ಕೆಂಪು ಬೆಳಕನ್ನು ತಡೆಯುವುದು ಆ ನೀಲಿ ಪದರ. ಪದರ ಮಾಸಿದೆ, ತಡೆಯುವವರಿಲ್ಲ. ಹಾಗಾಗಿ ಎಲ್ಲ ಕಡೆಯಿಂದಲೂ ಕೆಂಪು ಬೆಳಕು ಜಾಸ್ತಿ ಬಂದಿದೆ. ಸೀರೆಯ ಹಸಿರು, ಬಾಳೆ ಎಲೆಯ ಹಸಿರು, ಗೋಡೆಯ ಬಿಳಿ, ಇವುಗಳ ನಡುವಿನ ವ್ಯತ್ಯಾಸ ಎಲ್ಲ ಆ 60 ಮೆಟ್ಟಿಲುಗಳ ಒಳಗೆ ಹಿಡಿಸಿಕೊಂಡಿದೆ.

ಹಸಿರು ವಾಪಸು ಬರಬೇಕಾದರೆ ಈ 60 ಮೆಟ್ಟಿಲನ್ನು ಹಿಗ್ಗಿಸಿ 256 ಮಾಡಬೇಕು. ಎಡಗಡೆ ಮಾಡುತ್ತೇನೆ, ನೋಡಿ. ಗುಡ್ಡ ಬಾಚಣಿಗೆಯ ಹಲ್ಲಿನ ಹಾಗೆ ಆಯಿತು. ಒಂದು ಹಲ್ಲಿಗೂ ಇನ್ನೊಂದಕ್ಕೂ ನಡುವೆ ಖಾಲಿ. ಈಗ ಗೋಡೆ ನೋಡಿ. ಸುಣ್ಣದ ಗೋಡೆ ಮೇಲೆ ನೆರಳು ನಯವಾಗಿ ಇಳಿಯಬೇಕಿತ್ತು. ಅದರ ಬದಲು ಪಟ್ಟೆ ಪಟ್ಟೆ, ಗದ್ದೆಯ ಅಂಚಿನ ಹಾಗೆ. ಅಕ್ಕನ ಕೆನ್ನೆ ಮೇಲೂ ಅಷ್ಟೇ, ಮೂರು ತೇಪೆ. ಸೀರೆಗೆ ಒಂದು ಥರ ಬೂದು ಹಸಿರು ಬಂತು, ಆದರೆ ಚೌಕ ಚೌಕವಾಗಿ ಬಂತು.

ಬಲಗಡೆಯದಕ್ಕೂ ಅದೇ ಹಿಗ್ಗಿಸುವ ಕೆಲಸ. ಅದೇ 60 ಮೆಟ್ಟಿಲಿನ ಜಾಗದಲ್ಲಿ ಇಲ್ಲಿ 15,000ಕ್ಕಿಂತ ಜಾಸ್ತಿ ಚಿಕ್ಕ ಮೆಟ್ಟಿಲಿವೆ. ಪ್ರಾಮಾಣಿಕವಾಗಿ ಹೇಳಬೇಕು, ಅಷ್ಟೂ ನಿಜವಾದ ಮಾಹಿತಿ ಅಲ್ಲ. ಸ್ಕ್ಯಾನರ್ ಸೆನ್ಸರಿಗೆ ಅದರದೇ ಗದ್ದಲ, ಅಂದರೆ ಚಿತ್ರದಲ್ಲಿ ಇಲ್ಲದ ಸುಳ್ಳು ಏರಿಳಿತ, ಇರುತ್ತದೆ, ಕೆಳಗಿನ ಕೆಲವು ಬಿಟ್ ಅದಕ್ಕೇ ಹೋಗುತ್ತದೆ. ಮನೆ ಸ್ಕ್ಯಾನರಿನಲ್ಲಿ 12 ಬಿಟ್ ನಿಜವಾಗಿ ಸಿಕ್ಕಿದೆ ಅಂತ ಇಟ್ಟುಕೊಂಡರೂ ಆ ಜಾಗದಲ್ಲಿ 900ಕ್ಕಿಂತ ಜಾಸ್ತಿ ಮೆಟ್ಟಿಲು. ನಮಗೆ ಬೇಕಾದದ್ದು 256. ಗೋಡೆ ನೋಡಿ, ನಯವಾಗಿದೆ. ಸೀರೆ ನೋಡಿ.

ಈ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡಮ್ಮನಿಗೆ ತೋರಿಸಿದೆ. "ಹೂಂ, ಇದೇಯ," ಎಂದರು. ಆಮೇಲೆ ಪರದೆಯ ಮೇಲೆ ಬೆರಳಿಟ್ಟು, ಸೀರೆಯ ಸೆರಗಿನ ಅಂಚು ಇನ್ನೂ ಸ್ವಲ್ಪ ಕಡು ಇತ್ತು ಎಂದರು. ಅವರು ಹೇಳಿದ ಹಾಗೆ ಅಂಚು ಕಡು ಮಾಡಲಿಕ್ಕೆ ನಾನು ಹೋಗಲಿಲ್ಲ. ಇರುವುದನ್ನು ಎತ್ತಿ ತೋರಿಸಬಹುದು, ಇಲ್ಲದ್ದನ್ನು ಬರೆಯಬಾರದು ಅಂತ ನನ್ನ ನಿಯಮ.

ಎಡಗಡೆಯ ಫೋಟೋ ಹಾಳಾಗಲಿಕ್ಕೆ 8 ಬಿಟ್ ಒಂದೇ ಕಾರಣ ಅಲ್ಲ. ಜೆಪೆಗ್ ಕೂಡ ಕಾರಣ. ಜೆಪೆಗ್ 1992ರ ಮಾನದಂಡ, ಬಹಳ ಜಾಣತನದ ಕೆಲಸ. ಚಿತ್ರವನ್ನು 8 ಅಡ್ಡ, 8 ಉದ್ದದ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದಲ್ಲಿ ಮನುಷ್ಯನ ಕಣ್ಣಿಗೆ ಗೊತ್ತಾಗದ ಸೂಕ್ಷ್ಮಗಳನ್ನು ಎಸೆದುಬಿಡುತ್ತದೆ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಚೆನ್ನಾಗಿ ಹಿಡಿಯುತ್ತದೆ, ಬಣ್ಣದ ಸಣ್ಣ ವ್ಯತ್ಯಾಸವನ್ನು ಅಷ್ಟಾಗಿ ಹಿಡಿಯುವುದಿಲ್ಲ. ಹಾಗಾಗಿ ಜೆಪೆಗ್ ಮೊದಲು ಕೈ ಹಾಕುವುದು ಬಣ್ಣಕ್ಕೆ. ಸಾಮಾನ್ಯ ಸೆಟ್ಟಿಂಗಿನಲ್ಲಿ ನಾಲ್ಕು ಚುಕ್ಕೆಗೆ ಒಂದೇ ಬಣ್ಣ ಬರೆದುಕೊಳ್ಳುತ್ತದೆ.

ಮಾಸಿದ ಫೋಟೋಗೆ ಇದು ಸರಿಯಾಗಿ ಎದೆಗೇ ಬೀಳುವ ಪೆಟ್ಟು. ಮಾಸಿದ ಫೋಟೋದಲ್ಲಿ ಉಳಿದಿರುವುದೇ ಬಣ್ಣದ ಸಣ್ಣ ವ್ಯತ್ಯಾಸ. ಕಣ್ಣಿಗೆ ಕಾಣದ್ದು ಅಂತ ಜೆಪೆಗ್ ಎಸೆದದ್ದು ನಮ್ಮ ಅಕ್ಕನ ಸೀರೆಯ ಹಸಿರು.

ನಮ್ಮಲ್ಲಿ ಬಿತ್ತನೆ ಭತ್ತ ಬೇರೆ ಇಡುತ್ತಾರೆ. ಎಷ್ಟೇ ಕಷ್ಟ ಬರಲಿ, ಅದಕ್ಕೆ ಕೈ ಹಾಕುವುದಿಲ್ಲ. ಊಟಕ್ಕೆ ಬೇಕಾದಾಗ ಬೇರೆ ಭತ್ತ ಗಿರಣಿಗೆ ಹೋಗುತ್ತದೆ, ಅಕ್ಕಿ ಆಗುತ್ತದೆ. ಅಕ್ಕಿ ಹಗುರ, ಚೊಕ್ಕ, ತಕ್ಷಣ ಬೇಯಿಸಬಹುದು. ಆದರೆ ಅಕ್ಕಿಯನ್ನು ಗದ್ದೆಗೆ ಚೆಲ್ಲಿದರೆ ಮೊಳಕೆ ಬರುವುದಿಲ್ಲ. ಜೆಪೆಗ್ ಅಕ್ಕಿ. ವಾಟ್ಸಾಪಿಗೆ, ಪ್ರಿಂಟಿಗೆ, ಮದುವೆಯ ಸ್ಲೈಡ್‌ಶೋಗೆ ಅದೇ ಸರಿ. ಆದರೆ ಮನೆಯಲ್ಲಿ ಅಕ್ಕಿ ಮಾತ್ರ ಇಟ್ಟುಕೊಂಡು ಭತ್ತ ಎಸೆದರೆ ಮುಂದಿನ ವರ್ಷಕ್ಕೆ ಏನಿದೆ? ನಾನು 2009ರಲ್ಲಿ ಮಾಡಿದ್ದು ಅದನ್ನೇ.

ಬಿತ್ತನೆ ಭತ್ತ ಯಾವುದು? ಟಿಫ್ ಅನ್ನುವ ಫೈಲ್ ಫಾರ್ಮ್ಯಾಟ್, ಅಂದರೆ ಚಿತ್ರವನ್ನು ಬರೆದಿಡುವ ಒಂದು ರೀತಿ. 1986ರಲ್ಲಿ ಆಲ್ಡಸ್ ಅನ್ನುವ ಕಂಪನಿ ತಂದದ್ದು. 1992ರಲ್ಲಿ ಅದರ ಆರನೇ ಆವೃತ್ತಿ ಬಂತು. ಇವತ್ತಿಗೂ ಅದೇ ನಡೆಯುತ್ತಿದೆ. ಆಲ್ಡಸ್ ಈಗ ಇಲ್ಲ, 1994ರಲ್ಲಿ ಅಡೋಬಿಗೆ ಸೇರಿತು. ಕಂಪನಿ ಹೋದರೂ ಫಾರ್ಮ್ಯಾಟ್ ಉಳಿಯಿತು, ಯಾಕೆ ಅಂದರೆ ಅದರ ಒಳಗಿನ ವ್ಯವಸ್ಥೆ ಪೂರ್ತಿ ಪ್ರಕಟವಾಗಿದೆ. ಯಾರು ಬೇಕಾದರೂ ಓದುವ ಪ್ರೋಗ್ರಾಮ್ ಬರೆಯಬಹುದು.

ಇದಕ್ಕೆ ಎದುರಾದ ಉದಾಹರಣೆ ಕೊಡಾಕ್‌ನ ಫೋಟೋ ಸಿಡಿ. 1992ರಲ್ಲಿ ಬಂತು. ಆ ಕಾಲಕ್ಕೆ ಗುಣಮಟ್ಟ ಬಹಳ ಚೆನ್ನಾಗಿತ್ತು. ಆದರೆ ಅದರ ಫಾರ್ಮ್ಯಾಟ್ ಕಂಪನಿಯ ಕೈಯಲ್ಲೇ ಇತ್ತು, ಒಳಗಿನ ವಿವರ ಹೊರಗೆ ಕೊಡಲಿಲ್ಲ. ಕಂಪನಿ ಕೈಬಿಟ್ಟ ಮೇಲೆ ಫೋಟೋ ತಂತ್ರಾಂಶಗಳೂ ಒಂದೊಂದಾಗಿ ಅದನ್ನು ತೆರೆಯುವುದನ್ನು ಬಿಟ್ಟವು. ಸಿಡಿ ಕೈಯಲ್ಲಿದೆ, ಚಿತ್ರ ಕಾಣುವುದಿಲ್ಲ. ಫಾರ್ಮ್ಯಾಟ್ ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ. ಮಾಡಿದವರು ಹೋದ ಮೇಲೂ ಬೇರೆಯವರು ತೆರೆಯಬಹುದಾ?

ಟಿಫ್ ಸೇವ್ ಮಾಡುವಾಗ ಕಂಪ್ರೆಶನ್, ಅಂದರೆ ಫೈಲನ್ನು ಹಿಂಡಿ ಚಿಕ್ಕದು ಮಾಡುವುದು, ಬೇಕಾ ಅಂತ ಕೇಳುತ್ತದೆ. ಎಲ್‌ಜೆಡ್‌ಡಬ್ಲ್ಯೂ, ಜಿಪ್ ಅಂತ ಹಿಂಡುವ ಎರಡು ವಿಧಾನ ಇವೆ, ಎರಡೂ ಏನನ್ನೂ ಎಸೆಯುವುದಿಲ್ಲ. ಆದರೆ 16 ಬಿಟ್ ಫೋಟೋಗೆ ಎಲ್‌ಜೆಡ್‌ಡಬ್ಲ್ಯೂ ಹಾಕಿದರೆ ಫೈಲ್ ಚಿಕ್ಕದಾಗುವ ಬದಲು ಎಷ್ಟೋ ಸಲ ದೊಡ್ಡದಾಗುತ್ತದೆ. ನಾನು ಕಂಪ್ರೆಶನ್ ಇಲ್ಲದೇ ಇಡುತ್ತೇನೆ. ಕಂಪ್ರೆಶನ್ ಇಲ್ಲದ ಟಿಫ್‌ನಲ್ಲಿ ಚಿತ್ರದ ಒಂದು ಬೈಟ್ ಹಾಳಾದರೆ ಒಂದು ಚುಕ್ಕೆ ಹಾಳಾಗುತ್ತದೆ. ಕಂಪ್ರೆಸ್ ಮಾಡಿದ್ದರಲ್ಲಿ ಒಂದು ಬೈಟ್ ಕೆಟ್ಟರೆ ಅಲ್ಲಿಂದ ಮುಂದೆ ಒಂದು ಪಟ್ಟಿ ಪೂರ್ತಿ ಹೋಗಬಹುದು.

ಜಾಗ ಎಷ್ಟು ಬೇಕು? ಲೆಕ್ಕ ಹಾಕೋಣ. ನಾಲ್ಕು ಇಂಚು, ಆರು ಇಂಚಿನ ಪ್ರಿಂಟು. ಇಂಚಿಗೆ 600 ಚುಕ್ಕೆ. 2,400 ಗುಣಿಸು 3,600, ಅಂದರೆ 86 ಲಕ್ಷ ಚುಕ್ಕೆ. ಮೂರು ಬಣ್ಣ, ಎಂಟೆಂಟು ಬಿಟ್ ಆದರೆ 26 ಎಂಬಿ. ಹದಿನಾರು ಬಿಟ್ ಆದರೆ 52 ಎಂಬಿ. ಒಂದು ಮನೆಯಲ್ಲಿ 500 ಫೋಟೋ ಇವೆ ಅಂದುಕೊಳ್ಳಿ. 16 ಬಿಟ್‌ನಲ್ಲಿ ಎಲ್ಲ ಸೇರಿ 26 ಜಿಬಿ. ಒಂದು 32 ಜಿಬಿ ಪೆನ್‌ಡ್ರೈವ್ ಸಾಲುತ್ತದೆ. ಒಂದು ಟಿಬಿ ಡಿಸ್ಕಿನಲ್ಲಿ ಇಂಥ ಮೂವತ್ತೈದಕ್ಕೂ ಜಾಸ್ತಿ ಮನೆಗಳ ಫೋಟೋ ಹಿಡಿಸುತ್ತದೆ. ಹಾಗಾಗಿ ಜಾಗ ಉಳಿಸಲಿಕ್ಕೆ 8 ಬಿಟ್ ಅನ್ನುವ ಮಾತನ್ನು ಮನೆಯ ಮಟ್ಟಿಗೆ ನಾನು ಒಪ್ಪುವುದಿಲ್ಲ.

ಆದರೆ ಎಲ್ಲದಕ್ಕೂ 16 ಬೇಕು ಅಂತಲೂ ಒಪ್ಪುವುದಿಲ್ಲ. ಸ್ಟುಡಿಯೊದಲ್ಲಿ ತೆಗೆಸಿದ ಕಪ್ಪು ಬಿಳುಪು ಫೋಟೋ, ಚೆನ್ನಾಗಿ ತೊಳೆದು ಮಾಡಿದ್ದು, ಮಾಸಿಲ್ಲ, ಕಲೆ ಇಲ್ಲ. ಅದಕ್ಕೆ 8 ಬಿಟ್ ಟಿಫ್ ಸಾಕು. ಪ್ರಿಂಟಿನ ಅತಿ ಕಪ್ಪಿಗೂ ಅತಿ ಬಿಳಿಗೂ ಅಂತರ ಸುಮಾರು ನೂರಕ್ಕೆ ಒಂದರಷ್ಟು ಮಾತ್ರ. 256 ಮೆಟ್ಟಿಲಿನಲ್ಲಿ ಆರಾಮಾಗಿ ಕೂರುತ್ತದೆ. ಫೋಟೋದ ಬೆನ್ನಿನ ಮೇಲೆ ಸ್ಟುಡಿಯೊ ಮುದ್ರೆ, ಅಜ್ಜನ ಕೈಬರಹ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ, ಅದಕ್ಕೂ 8 ಬಿಟ್ ಸಾಕು. ಒಂದು ಮಾತು, ಕಪ್ಪು ಬಿಳುಪು ಪ್ರಿಂಟನ್ನೂ ಕಲರಿನಲ್ಲೇ ಸ್ಕ್ಯಾನ್ ಮಾಡಿ. ಹಳದಿ ಕಲೆ, ಬೂಷ್ಟು, ಅಂಚಿನಲ್ಲಿ ಎದ್ದ ಬೆಳ್ಳಿಯ ಹೊಳಪು, ಇವೆಲ್ಲ ಮೂರು ಚಾನೆಲ್ಲಿನಲ್ಲಿ ಬೇರೆ ಬೇರೆ ಥರ ಕಾಣುತ್ತವೆ. ಕಲೆ ಕಮ್ಮಿ ಕಾಣುವ ಚಾನೆಲ್ ಆರಿಸಿಕೊಂಡರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

16 ಬಿಟ್ ಇಲ್ಲದೆ ಆಗದೇ ಇರುವುದು ಎರಡಕ್ಕೆ. ಒಂದು, ಈಗ ನೋಡಿದ ಮಾಸಿದ ಕಲರ್ ಪ್ರಿಂಟು. ಇನ್ನೊಂದು ನೆಗೆಟಿವ್.

ನೆಗೆಟಿವ್ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. ಎರಡು ವರ್ಷದ ಹಿಂದೆ ಒಬ್ಬ ಹಿರಿಯರು ಬಿಸ್ಕತ್ ಡಬ್ಬಿಯೊಂದನ್ನು ತಂದರು. ಅವರದು ಮುಳುಗಡೆಯ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ನಿಂತಾಗ ಊರು ಬಿಟ್ಟು ಶಿವಮೊಗ್ಗದ ಕಡೆಗೆ ಬಂದವರು. ಡಬ್ಬಿ ಮುಚ್ಚಳ ತೆಗೆದ ತಕ್ಷಣ ವಿನೆಗರ್ ವಾಸನೆ. ಆ ಕಾಲದ ಫಿಲ್ಮಿನ ಹಾಳೆ ಅಸಿಟೇಟ್. ತೇವ, ಸೆಕೆಗೆ ಅದು ಒಡೆದು ಆಮ್ಲ ಬಿಡುತ್ತದೆ. ಆಮ್ಲ ಸೇರಿದಷ್ಟೂ ಒಡೆಯುವ ವೇಗ ಜಾಸ್ತಿ. ಪಕ್ಕದ ಫಿಲ್ಮಿಗೂ ಹರಡುತ್ತದೆ. ನಿಮ್ಮ ಡಬ್ಬಿಯಲ್ಲಿ ಈ ವಾಸನೆ ಬಂದರೆ ಆ ನೆಗೆಟಿವ್‌ಗಳನ್ನು ಬೇರೆ ಇಡಿ, ಮೊದಲು ಅವನ್ನೇ ಸ್ಕ್ಯಾನ್ ಮಾಡಿ.

ಡಬ್ಬಿಯೊಳಗೆ 120 ರೋಲಿನ, ಅಂದರೆ ಹಳೆ ಕಾಲದ ಅಗಲ ಫಿಲ್ಮಿನ, ಆರು ನೆಗೆಟಿವ್ ಇದ್ದವು. ಒಂದು ಅವರ ಹಳೆ ಮನೆಯದು. ಅದರ ಪ್ರಿಂಟು ಕೂಡ ಇತ್ತು, ಅಂಗೈಗಿಂತ ಚಿಕ್ಕದು. ಪ್ರಿಂಟಿನಲ್ಲಿ ಅಂಗಳ ಬಿಸಿಲಿಗೆ ಬೆಳ್ಳಗೆ, ಜಗಲಿ ಪೂರ್ತಿ ಕಪ್ಪು. ನೆಗೆಟಿವ್ ಪ್ರಿಂಟಿಗಿಂತ ಬಹಳ ಜಾಸ್ತಿ ಹಿಡಿದಿಟ್ಟುಕೊಂಡಿರುತ್ತದೆ. ಪ್ರಿಂಟು ಮಾಡುವಾಗ ಎರಡು ತುದಿಯದು ಬಿಟ್ಟುಹೋಗುತ್ತದೆ. ಇಂಚಿಗೆ 2,400 ಚುಕ್ಕೆ, 16 ಬಿಟ್ ಗ್ರೇ, 56 ಎಂಬಿಯ ಟಿಫ್ ಬಂತು. ತಂತ್ರಾಂಶದಲ್ಲಿ ತಿರುಗಿಸಿ, ನೆರಳಿನ ಭಾಗವನ್ನು ನಿಧಾನಕ್ಕೆ ಎತ್ತಿದೆ. ಮೊದಲು ಮುಂಡಿಗೆ ಕಂಡಿತು. ಆಮೇಲೆ ಒನಕೆ, ಗೋಡೆಗೆ ಒರಗಿಸಿದ್ದು. ಆಮೇಲೆ ಬಾಗಿಲ ಪಕ್ಕದಲ್ಲಿ ನೆಲದ ಮೇಲೆ ಕೂತ ಒಬ್ಬ ಹೆಂಗಸು. ಹಿರಿಯರು ಕುರ್ಚಿಯಿಂದ ಎದ್ದು ಪರದೆಯ ಹತ್ತಿರ ಬಂದರು. "ಅಮ್ಮ," ಎಂದರು. ಅರುವತ್ತು ವರ್ಷ ಆ ಪ್ರಿಂಟು ಅವರ ಹತ್ತಿರ ಇತ್ತು. ಅದರಲ್ಲಿ ಅಮ್ಮ ಇದ್ದಾರೆ ಅಂತ ಅವರಿಗೆ ಗೊತ್ತಿರಲಿಲ್ಲ.

ಆ ಮನೆ ಈಗ ನೀರಿನಡಿ ಇದೆ. ಇಂಥ ಕಡೆ ನಾನು ಎಂಬಿ ಲೆಕ್ಕ ನೋಡುವುದಿಲ್ಲ.

ಕಲರ್ ನೆಗೆಟಿವ್‌ಗೆ ಇನ್ನೊಂದು ಕಾರಣ ಇದೆ. ಅದರ ಮೇಲೆ ಕಿತ್ತಳೆ ಬಣ್ಣದ ಹೊದಿಕೆ ಇರುತ್ತದಲ್ಲ, ಅದನ್ನು ಕಳೆಯಬೇಕಾದರೆ ಮೂರೂ ಚಾನೆಲ್ಲನ್ನು ಬೇರೆ ಬೇರೆ ಅಳತೆಯಲ್ಲಿ ಹಿಗ್ಗಿಸಬೇಕು. ಮಾಸಿದ ಪ್ರಿಂಟಿನ ಕಥೆಯೇ ಮತ್ತೆ. 8 ಬಿಟ್‌ನಲ್ಲಿ ತೆಗೆದುಕೊಂಡು ಆಮೇಲೆ ತಿರುಗಿಸಿದರೆ ಆಕಾಶ ಪಟ್ಟೆ ಬೀಳುತ್ತದೆ.

ಬಿಟ್ ಡೆಪ್ತ್ ಎಷ್ಟೇ ಇದ್ದರೂ ಒಂದು ತಪ್ಪನ್ನು ಸರಿ ಮಾಡಲಿಕ್ಕೆ ಆಗುವುದಿಲ್ಲ. ಸ್ಕ್ಯಾನರ್ ತಂತ್ರಾಂಶದಲ್ಲಿ ಆಟೋ ಕರೆಕ್ಷನ್, ಶಾರ್ಪನಿಂಗ್, ಧೂಳು ತೆಗೆಯುವುದು ಅಂತ ಇರುತ್ತವೆ. ಎಲ್ಲ ಬಂದ್ ಮಾಡಿ. ಆಟೋ ಅನ್ನುವುದು ಫೋಟೋ ಚಂದ ಕಾಣಲಿ ಅಂತ ಎರಡು ತುದಿಯನ್ನು ಕತ್ತರಿಸುತ್ತದೆ. ಕತ್ತರಿಸಿ ಹೋದ ಬಿಳಿ, ಕಪ್ಪು 16 ಬಿಟ್‌ನಲ್ಲೂ ಇರುವುದಿಲ್ಲ. ಹಿಸ್ಟೋಗ್ರಾಮಿನ ಎರಡು ಕಡೆಯೂ ಸ್ವಲ್ಪ ಖಾಲಿ ಜಾಗ ಉಳಿಯಲಿ. ಸ್ಕ್ಯಾನ್ ಸಪ್ಪೆಯಾಗಿ ಕಾಣುತ್ತದೆ. ಕಾಣಲಿ. ಹಾಗೆಯೇ 8 ಬಿಟ್‌ನಲ್ಲಿ ಆದದ್ದನ್ನು ಆಮೇಲೆ 16 ಅಂತ ಬದಲಾಯಿಸಿ ಇಟ್ಟರೆ ಪ್ರಯೋಜನ ಇಲ್ಲ. ಸೇರಿನಲ್ಲಿ ಅಳೆದದ್ದನ್ನು ಚಟಾಕಿನಲ್ಲಿ ಬರೆದ ಹಾಗೆ ಆಗುತ್ತದೆ ಅಷ್ಟೇ.

ಬೇರೆ ಫಾರ್ಮ್ಯಾಟ್‌ಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಪಿಎನ್‌ಜಿ 16 ಬಿಟ್ ಹಿಡಿಯುತ್ತದೆ, ಏನನ್ನೂ ಎಸೆಯುವುದಿಲ್ಲ. ಯಾರಾದರೂ ಅದರಲ್ಲೇ ಇಟ್ಟಿದ್ದರೆ ನಾನು ಬೇಡ ಅನ್ನುವುದಿಲ್ಲ. ಜೆಪೆಗ್ 2000 ದೊಡ್ಡ ದೊಡ್ಡ ಗ್ರಂಥಾಲಯಗಳು ಬಳಸುತ್ತವೆ. ಮನೆಗೆ ಬೇಡ, ತೆರೆಯುವ ತಂತ್ರಾಂಶ ಕಮ್ಮಿ. ಕ್ಯಾಮೆರಾದಿಂದ ನೆಗೆಟಿವ್ ಕಾಪಿ ಮಾಡುವವರು ಆ ರಾ ಫೈಲನ್ನು, ಅಂದರೆ ಕ್ಯಾಮೆರಾ ಅಳೆದದ್ದನ್ನು ತಿದ್ದದೆ ಇಟ್ಟ ಫೈಲನ್ನು, ಡಿಎನ್‌ಜಿ ಅನ್ನುವ ಫಾರ್ಮ್ಯಾಟ್‌ಗೆ ಮಾಡಿ ಇಟ್ಟುಕೊಳ್ಳಬಹುದು. ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದರೆ ಸಾಮಾನ್ಯವಾಗಿ ಪಿಡಿಎಫ್ ಕೊಡುತ್ತಾರೆ. ಅದರ ಹೊಟ್ಟೆಯೊಳಗೆ ಇರುವುದು ಹೆಚ್ಚಾಗಿ ಜೆಪೆಗ್ಗೇ, ಅದೂ ಗಟ್ಟಿಯಾಗಿ ಹಿಂಡಿದ್ದು. ಕೊಡುವ ಮುಂಚೆಯೇ ಟಿಫ್ ಬೇಕು ಅಂತ ಹೇಳಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಮತ್ತೆ ಹಿಂಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ.

ನಮ್ಮ ಊರಿಗೇ ಸಂಬಂಧಪಟ್ಟ ಒಂದೆರಡು ಮಾತು. ಸ್ಕ್ಯಾನ್ ಮಾಡುವುದನ್ನು ಜನವರಿಯಿಂದ ಏಪ್ರಿಲ್ ಒಳಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಪ್ರಿಂಟು ಸುರುಳಿ ಸುತ್ತುತ್ತದೆ, ಜೆಲಟಿನ್ ಮೆತ್ತಗಾಗಿ ಗಾಜಿಗೆ ಅಂಟುತ್ತದೆ. ತೆಳ್ಳನೆಯ ಅಗ್ಗದ ಸ್ಕ್ಯಾನರುಗಳಿಗೆ ಗಾಜಿಗೆ ತಾಗಿದ್ದು ಮಾತ್ರ ಸ್ಪಷ್ಟ. ಒಂದೆರಡು ಮಿಲಿಮೀಟರ್ ಮೇಲೆದ್ದರೂ ಮಸುಕು. ಸುರುಳಿ ಬಿದ್ದ ಫೋಟೋ ಜಾಸ್ತಿ ಇದ್ದರೆ ಒಳಗೆ ಮಸೂರ ಇರುವ ದಪ್ಪನೆಯ ಸ್ಕ್ಯಾನರ್ ನೋಡಿ. ಗುಡುಗು ಮಳೆ ದಿನಗಳಲ್ಲಿ ಡಿಸ್ಕಿನ ವೈರು ತೆಗೆದಿಡಿ.

ಹೆಸರು ಬರೆಯುವ ವಿಷಯಕ್ಕೆ ಬಂದರೆ, ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರ, ಅಂಕಿಯಲ್ಲಿ ಚಿಕ್ಕದಾಗಿ ಇಡಿ. ಊರು, ವರ್ಷ, ಸಂಖ್ಯೆ, ಅಷ್ಟು ಸಾಕು. ಯಾರು, ಎಲ್ಲಿ, ಯಾವ ಸಮಯ ಅನ್ನುವುದನ್ನು ಫೈಲಿನೊಳಗಿನ ವಿವರಣೆಯ ಜಾಗದಲ್ಲಿ ಕನ್ನಡದಲ್ಲೇ ಬರೆಯಿರಿ. ಆದರೆ ಯುನಿಕೋಡ್ ಕನ್ನಡದಲ್ಲಿ. ಹಳೆ ನುಡಿ, ಬರಹ ಫಾಂಟಿನಲ್ಲಿ ಬರೆದದ್ದು ಆ ಫಾಂಟು ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆ ಆಗಿ ಕಾಣುತ್ತದೆ. ಹದಿನೈದು ವರ್ಷದ ಹಿಂದೆ ಒಂದು ಮನೆಯವರು ಹಾಗೆ ಬರೆದಿಟ್ಟ ಇನ್ನೂರು ಫೋಟೋಗಳ ಪಟ್ಟಿಯನ್ನು ಯುನಿಕೋಡಿಗೆ ತಂದು, ತಪ್ಪು ಬಂದ ಅಕ್ಷರ ಒಂದೊಂದೇ ತಿದ್ದಿದ್ದೇನೆ. ನಾಲ್ಕು ಸಂಜೆ ಹಿಡಿಯಿತು. ಅದನ್ನು ಓದಿ ಸರಿ ಹೇಳಲಿಕ್ಕೆ ಮನೆಯ ಅಜ್ಜಿ ಇನ್ನೂ ಇದ್ದರು, ಅದು ನಮ್ಮ ಪುಣ್ಯ.

ಇಡುವುದು ಮೂರು ಕಡೆ. ಎರಡು ಬೇರೆ ಬೇರೆ ಡಿಸ್ಕು, ಮೂರನೆಯದು ಬೇರೆ ಊರಿನಲ್ಲಿ. ಬೆಂಗಳೂರಿನಲ್ಲಿ ಇರುವ ಮಗನ ಹತ್ತಿರವೋ, ಮಗಳ ಹತ್ತಿರವೋ. ಪ್ರತಿ ಫೈಲಿಗೂ ಒಂದು ಚೆಕ್‌ಸಮ್, ಅಂದರೆ ಫೈಲಿನ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ಕಂಪ್ಯೂಟರ್ ಕೊಡುವ ಒಂದು ಸಂಖ್ಯೆ, ಬರೆದಿಡಿ. ಅಡಿಕೆ ಮಂಡಿಗೆ ಕಳಿಸುವಾಗ ಮನೆಯಲ್ಲಿ ತೂಗಿ ಚೀಟಿ ಬರೆದುಕೊಳ್ಳುತ್ತೇವೆ, ಅಲ್ಲಿ ಮತ್ತೆ ತೂಗಿ ಹೋಲಿಸುತ್ತೇವೆ. ಅದೇ ಥರ. ಫೈಲಿನಲ್ಲಿ ಒಂದು ಬಿಟ್ ಬದಲಾದರೂ ಈ ಸಂಖ್ಯೆ ಬೇರೆ ಬರುತ್ತದೆ. ವಿಂಡೋಸ್‌ನಲ್ಲೇ ಇದನ್ನು ತೆಗೆಯುವ ಸೌಲಭ್ಯ ಇದೆ. ವರ್ಷಕ್ಕೊಮ್ಮೆ ಹೋಲಿಸಿ ನೋಡಿದರೆ ಸಾಕು.

ಇಲ್ಲಿಗೆ ನನ್ನ ಮಾತು ನಿಲ್ಲಿಸಿ ಪ್ರಶ್ನೆ ಕೇಳಿ ಎಂದೆ.

ಒಬ್ಬರು ಕೇಳಿದರು: "ಸಾರ್, ನಮ್ಮ ಮದುವೆ 2006ರಲ್ಲಿ. ಸ್ಟುಡಿಯೊದವರು ಡಿವಿಡಿಯಲ್ಲಿ ಜೆಪೆಗ್ ಕೊಟ್ಟಿದ್ದಾರೆ. ಅದನ್ನೆಲ್ಲ ಟಿಫ್ ಮಾಡಿಡಬೇಕಾ?" ಬೇಡ ಎಂದೆ. ಕ್ಯಾಮೆರಾದಿಂದ ಹುಟ್ಟಿದ್ದೇ ಜೆಪೆಗ್ ಆದರೆ ಅದೇ ನಿಮ್ಮ ಮೂಲ ಪ್ರತಿ. ಟಿಫ್ ಮಾಡಿದರೆ ಫೈಲ್ ದಪ್ಪ ಆಗುತ್ತದೆ, ಒಳಗೆ ಹೊಸದೇನೂ ಬರುವುದಿಲ್ಲ. ಇದ್ದ ಹಾಗೇ ಕಾಪಿ ಮಾಡಿ. ತೆರೆದು ತಿದ್ದಿ ಅದೇ ಹೆಸರಿಗೆ ಸೇವ್ ಮಾಡಬೇಡಿ, ಪ್ರತಿ ಸಲವೂ ಅದು ಮತ್ತಷ್ಟು ಎಸೆಯುತ್ತದೆ. ತಿದ್ದುವುದಿದ್ದರೆ ತಿದ್ದಿದ್ದನ್ನು ಬೇರೆ ಹೆಸರಿನಲ್ಲಿ ಟಿಫ್ ಆಗಿ ಇಡಿ. ಆದರೆ ಡಿವಿಡಿಯಿಂದ ಇಳಿಸುವುದನ್ನು ಮುಂದೂಡಬೇಡಿ. ಬರೆಯುವ ಡಿವಿಡಿಯೊಳಗೂ ಬಣ್ಣದ ಪದರವೇ ಇರುವುದು, ಅದೂ ಮಾಸುತ್ತದೆ. ನಮ್ಮ ಕಡೆ ಅದರ ಮೇಲೆ ಬೂಷ್ಟು ಹಿಡಿದದ್ದನ್ನೂ ಕಣ್ಣಾರೆ ನೋಡಿದ್ದೇನೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ತೀರ್ಥಹಳ್ಳಿ ಕಡೆಯ ಅಮ್ಮನವರೊಬ್ಬರು ಕಟ್ಟು ಹಾಕಿಸಿದ ಫೋಟೋವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತಂದಿದ್ದರು. ಅವರ ಮಾವನವರ ಫೋಟೋ. ಚಿತ್ರ ಗಾಜಿಗೆ ಅಂಟಿಕೊಂಡಿತ್ತು. "ಬಿಸಿನೀರಲ್ಲಿ ಇಟ್ಟರೆ ಬಿಡ್ತದೆ ಅಂತಾರೆ, ಇಡ್ಲಾ?" ಎಂದು ಕೇಳಿದರು. ದಯವಿಟ್ಟು ಇಡಬೇಡಿ ಎಂದೆ. ಎಳೆದರೂ, ನೆನೆಸಿದರೂ ಮುಖದ ಪದರ ಗಾಜಿನ ಮೇಲೇ ಉಳಿದುಬಿಡುತ್ತದೆ. ಹಿಂದಿನ ರಟ್ಟು ಮಾತ್ರ ಬಿಡಿಸಿ, ಗಾಜಿನ ಹೊರಮೈ ಒಣಬಟ್ಟೆಯಲ್ಲಿ ಒರೆಸಿ, ಗಾಜು ಸಮೇತ ಸ್ಕ್ಯಾನರಿನ ಮೇಲೆ ಇಡಬೇಕು. ದಪ್ಪನೆಯ ಸ್ಕ್ಯಾನರೇ ಬೇಕು, ಇಲ್ಲದಿದ್ದರೆ ಗಾಜಿನ ದಪ್ಪಕ್ಕೇ ಮಸುಕಾಗುತ್ತದೆ. ಅಂಟಿದ ಕಡೆ ಕಡು, ಅಂಟದ ಕಡೆ ತಿಳಿ, ಹೀಗೆ ತೇಪೆ ತೇಪೆಯಾಗಿ ಬರುತ್ತದೆ. ಅದನ್ನು ಆಮೇಲೆ ಸಮ ಮಾಡಬೇಕಾದ್ದರಿಂದ 48 ಬಿಟ್ ಕಲರ್, ಟಿಫ್.

ಸ್ಕ್ಯಾನರ್ ಅಲ್ಲೇ ಇತ್ತು. ಎಲ್ಲರೂ ಸುತ್ತ ಬಂದು ನಿಂತರು. ಕಟ್ಟಿನ ಹಿಂದಿನ ಮೊಳೆ ತುಕ್ಕು ಹಿಡಿದಿತ್ತು, ಒಂದೊಂದೇ ತೆಗೆಯಲಿಕ್ಕೆ ಹತ್ತು ನಿಮಿಷ ಬೇಕಾಯಿತು. ಸ್ಕ್ಯಾನ್ ಅರ್ಧ ಆಗುವಾಗ ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ಮೊದಲಿನಿಂದ ಹಾಕಿದೆವು. ಎರಡನೇ ಸಲ ಪೂರ್ತಿ ಬಂತು. ಅಮ್ಮನವರು ಪೆನ್‌ಡ್ರೈವ್ ತಂದಿರಲಿಲ್ಲ. ಪಕ್ಕದಲ್ಲಿದ್ದ ಕಾಲೇಜು ಹುಡುಗನೊಬ್ಬ ತನ್ನದನ್ನು ಖಾಲಿ ಮಾಡಿ ಅವರ ಕೈಗೆ ಕೊಟ್ಟ.